ಅರವತ್ತು ಮಂದಿಯ ಬ್ಯಾಳಿ

ಇಬ್ರಾಹಿಂಪುರ, ವಿಜಾಪುರ
೧೧ ನವೆಂಬರ್ ೧೯೭೩

ಅಣ್ಣನಿಗೆ ಸಲಾಂ.

ಅಕ್ಷರ ನೋಡಿ ಇದು ಯಾರ ಕಾಗದ ಎಂದು ನಿನಗೆ ಅನುಮಾನ ಬರಬಹುದು. ಇಲ್ಲಿಯವರೆಗೆ ಕಾಗದ ಬರೆಯುತ್ತಿದ್ದ ಅಕ್ಕ ಸಕೀನಾ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ಮೇಲೆ ಈ ಮನೆಯಲ್ಲಿ ಓದಲು ಬರೆಯಲು ಬರುವವನು ನಾನೊಬ್ಬನೇ. ಒಂಬತ್ತನೆಯ ಇಯತ್ತೆ ಅರ್ಧಕ್ಕೆ ಬಿಟ್ಟವನು ಎಷ್ಟು ಬರೆಯಬಹುದೋ ಅಷ್ಟು ಬರೆಯುತ್ತೇನೆ. ನಾನು ಸಾಲಿ ಬಿಟ್ಟ ದಿನದಿಂದ ನೀನು ಇಂಗ್ಲೆಂಡಿಗೆ ಹೊರಡುವವರೆಗೆ, ಒಂದು ವರ್ಷ ಎರಡು ತಿಂಗಳು, ನೀನು ನನ್ನ ಜೊತೆ ಮಾತಾಡಲಿಲ್ಲ. ರೈಲು ನಿಲ್ದಾಣದಲ್ಲಿ ಟ್ರಂಕು ಎತ್ತುವಾಗ "ಹಿಡಿ" ಅಂದೆ, ಅಷ್ಟೇ. ಅದನ್ನು ಮಾತು ಎಂದು ಎಣಿಸಬೇಕೋ ಬೇಡವೋ ನನಗೆ ತಿಳಿಯದು.

ನಿನ್ನ ಕಾಗದ ಹಿಂದಿನ ವಾರದ ಶುಕ್ರವಾರ ಬಂತು. "ಇಪ್ಪತ್ತು ದಿನದಿಂದ ಬ್ರೆಡ್ಡು ಜಾಮು ತಿಂದುಕೊಂಡಿದ್ದೇನೆ. ಇದನ್ನು ಅವ್ವನಿಗೆ ಓದಬೇಡ" ಎಂದು ಬರೆದಿದ್ದೆ. ನಾನು ಸಾಲು ಹಿಡಿದು ಓದುವವನು. ಮೊದಲ ಮಾತು ಓದಿದ ಮೇಲೆ ಎರಡನೆಯದು ಬಂತು, ಅದನ್ನೂ ಓದಿಬಿಟ್ಟೆ. ಅವ್ವ ಅರ್ಧ ತಾಸು ಅತ್ತಳು. ಇನ್ನು ಮುಂದೆ ಓದಬಾರದ್ದು ಇದ್ದರೆ ಬೇರೆ ಹಾಳೆಯಲ್ಲಿ ಬರೆದು, ತಲೆಯ ಮೇಲೆ ಹಾಗೆಂದು ನಮೂದಿಸು.

ತೊಗರಿ ಬ್ಯಾಳಿ ಮಾಡುವುದು ಹೇಗೆ ಎಂದು ಕೇಳಿದ್ದೀ. ಅವ್ವನನ್ನು ಕೇಳಿದೆ.

"ಬ್ಯಾಳಿ ಎಷ್ಟು ಹಾಕಬೇಕು ಬೇ?"

"ಬೇಕಾದಷ್ಟು."

"ಒಬ್ಬಾಂವಗ ಎಷ್ಟು ಬೇಕಾಗತೈತಿ?"

"ಅಂದಾಜಿಲೆ ಹಾಕು ಅಂತ ಬರಿ."

"ಅಂದಾಜು ಅಂದ್ರ ಎಷ್ಟು?"

"ಏ ನಿನ್ನ! ಇಷ್ಟು ಪ್ರಶ್ನಿ ಸಾಲ್ಯಾಗ ಕೇಳಿದ್ರ ಇಷ್ಟೊತ್ತಿಗೆ ನೀನ ಮಾಸ್ತರ ಆಗಿರತಿದ್ದಿ."

"ಸಾಲ್ಯಾಗ ಕೇಳಿದ್ದಕ್ಕ ಹೊಡದ್ರು."

ಕೊನೆಗೆ ನಾನು ಒಲೆಯ ಮುಂದೆ ಚಹಾದ ಕಪ್ಪು ಹಿಡಿದು ಕುಳಿತೆ. ಅವ್ವ ಗಡಿಗೆಗೆ ಹಾಕುವ ಮುಷ್ಟಿಯನ್ನು ಮೊದಲು ಕಪ್ಪಿಗೆ ಸುರಿಯಬೇಕು ಎಂದು ಹಟ ಹಿಡಿದೆ. ಒಂದು ಮುಷ್ಟಿ ಎಂದರೆ ಅರ್ಧ ಕಪ್ಪಿಗೆ ಸ್ವಲ್ಪ ಕಡಿಮೆ. ಐದು ದಿನ ಅಳೆದೆ. ನಾಲ್ಕು ದಿನ ಒಂದೇ ಅಳತೆ ಬಂತು. ಒಂದು ದಿನ ಮಾತ್ರ ಅರ್ಧ ಕಪ್ಪು ದಾಟಿತು. ಆ ದಿನ ಅವ್ವ ನಿನ್ನ ಸುದ್ದಿ ಮಾತಾಡುತ್ತಿದ್ದಳು. ನೀನು ನಾಲ್ಕು ದಿನದ ಅಳತೆ ಹಿಡಿ.

ನೀರು, ಬ್ಯಾಳಿಯ ಮೇಲೆ ಬೆರಳು ಊರಿದರೆ ಎರಡು ಗೆಣ್ಣು ಬರಬೇಕಂತೆ. ಅವ್ವನ ಬೆರಳು ಗಿಡ್ಡ. ನಿನಗೆ ಒಂದೂವರೆ ಗೆಣ್ಣು ಸಾಕು. ಅರಿಸಿನ ಮೊದಲೇ ಹಾಕು, ಉಪ್ಪು ಬೆಂದ ಮೇಲೆ ಹಾಕು. ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜು, ಕೊಯ್ಯಬೇಡ. ಯಾಕೆ ಕೊಯ್ಯಬಾರದು ಎಂದು ಕೇಳಿದ್ದಕ್ಕೆ ಅವ್ವ ಸೌಟು ತೋರಿಸಿದಳು.

ನಿನ್ನ ಕೋಣೆಯ ಒಲೆಗೆ ನಾಣ್ಯ ಹಾಕಿದರೆ ಮಾತ್ರ ಗ್ಯಾಸು ಬರುತ್ತದೆ, ನಾಣ್ಯ ತೀರಿದರೆ ಆರಿಹೋಗುತ್ತದೆ ಎಂದು ಬರೆದಿದ್ದೀಯಲ್ಲ. ನಾನೀಗ ಸೊಲ್ಲಾಪುರ ರಸ್ತೆಯಲ್ಲಿ ಅಂಬಾದಾಸ ಮಾಮಾನ ಸ್ಟೋವ್ ರಿಪೇರಿ ಅಂಗಡಿಯಲ್ಲಿದ್ದೇನೆ. ಅವನಿಗೆ ಹೇಳಿದೆ. "ರೊಕ್ಕಾ ನುಂಗೂ ಒಲಿ? ನಿಮ್ಮಣ್ಣ ನಿನ್ನ ಮಂಗ್ಯಾ ಮಾಡಾಕತ್ತಾನ" ಅಂದ. ನೀನು ಸುಳ್ಳು ಬರೆಯುವವನಲ್ಲ ಎಂದು ಜಗಳವಾಡಿದೆ. ಬ್ಯಾಳಿಯನ್ನು ಬೆಳಿಗ್ಗೆಯೇ ನೆನೆ ಇಟ್ಟು ಕಾಲೇಜಿಗೆ ಹೋಗು. ಅರ್ಧ ಉರಿ ಉಳಿಯುತ್ತದೆ.

ನಿನ್ನ ತಮ್ಮ
ಫಕ್ರುದ್ದೀನ


ಲೀಡ್ಸ್
೯ ಡಿಸೆಂಬರ್ ೧೯೭೩

ಫಕ್ರು,

ಅಳತೆ ಮುಟ್ಟಿತು. ಇಲ್ಲಿಯ ಕಪ್ಪು ನಮ್ಮ ಚಹಾದ ಕಪ್ಪಿನ ಎರಡರಷ್ಟು ಎಂದು ಬ್ಯಾಳಿ ಉಕ್ಕಿ ಒಲೆಯ ಮೇಲೆ ಹರಿದ ಮೇಲೆ ಗೊತ್ತಾಯಿತು. ಅದನ್ನೇ ಮೂರು ದಿನ ಉಂಡೆ. ಇಲ್ಲಿ ತೊಗರಿ ತುಟ್ಟಿ. ಕೆಂಪು ಬ್ಯಾಳಿ ಅಗ್ಗ, ಬೇಗ ಬೇಯುತ್ತದೆ. ಅಕ್ಕಿ, ಬ್ಯಾಳಿ, ಉಳ್ಳಾಗಡ್ಡಿ ಒಂದೇ ಪಾತ್ರೆಯಲ್ಲಿ ಹಾಕಿದರೆ ಒಂದೇ ನಾಣ್ಯದಲ್ಲಿ ಖಿಚಡಿ ಆಗುತ್ತದೆ. ಇದನ್ನು ನಾನೇ ಕಂಡುಕೊಂಡೆ. ಅವ್ವನಿಗೆ ಹೇಳು.

ಒಗ್ಗರಣೆ ಹಾಕಿದರೆ ಮನೆಯ ಒಡತಿ ಕೆಳಗಿನಿಂದ ಕೋಲು ತೆಗೆದುಕೊಂಡು ಚಾವಣಿಗೆ ಬಡಿಯುತ್ತಾಳೆ. ಅದಕ್ಕೆ ಕಿಟಕಿ ತೆರೆದು ಒಗ್ಗರಣೆ ಹಾಕುತ್ತೇನೆ. ಮೊನ್ನೆ ಹಿಮ ಬಂದು ಪಾತ್ರೆಯಲ್ಲಿ ಬಿತ್ತು. ಜವಳಿ ಕಾಲೇಜಿನ ಪಾಠ ಚೆನ್ನಾಗಿ ನಡೆದಿದೆ. ಒಂದೇ ತೊಂದರೆ, ರೊಟ್ಟಿ ನೆನಪಾದರೆ ಪುಸ್ತಕದಲ್ಲಿ ಮನಸ್ಸು ನಿಲ್ಲುವುದಿಲ್ಲ. ಜೋಳದ ಹಿಟ್ಟು ಇಲ್ಲಿ ಕಣ್ಣಿಗೂ ಬೀಳುವುದಿಲ್ಲ.

ನಿಲ್ದಾಣದ ವಿಷಯ ಈಗ ಯಾಕೆ ಬರೆದೆ?

ಸೈಫುದ್ದೀನ


ವಿಜಾಪುರ
೧೭ ಫೆಬ್ರುವರಿ ೧೯೭೪

ಅಣ್ಣನಿಗೆ ಸಲಾಂ.

ಕೇಳಿದ್ದಕ್ಕೆ ಉತ್ತರ. ನೀನು ಇನ್ನೂ ಸಿಟ್ಟಿನಲ್ಲಿದ್ದೀಯೋ ಎಂದು ತಿಳಿಯಲು ಬರೆದೆ. ನಿನ್ನ ಉತ್ತರದಿಂದ ತಿಳಿಯಲಿಲ್ಲ.

ಒಂದು ತಪ್ಪಾಗಿದೆ. ರೊಟ್ಟಿಯ ಸಾಲು ಓದಿದ ಮರುದಿನವೇ ಅವ್ವ ಬಸ್ಸು ಹತ್ತಿ ಬಬಲೇಶ್ವರಕ್ಕೆ, ಚಿಕ್ಕಮ್ಮ ಇಮಾಮಬಿಯ ಮನೆಗೆ ಹೋದಳು. ನನ್ನನ್ನೂ ಕರೆದೊಯ್ದಳು. ಅಕ್ಕತಂಗಿಯರಿಬ್ಬರೂ ಹೊಸ ಜೋಳ ಹಸನು ಮಾಡಿ, ಗಿರಣಿ ಬೇಡ, ಹಿಟ್ಟು ಕಾಯುತ್ತದೆ ಎಂದು ಬೀಸುವ ಕಲ್ಲಿನಲ್ಲೇ ಬೀಸಿದರು. ಐದು ಕಿಲೋ ಹಿಟ್ಟನ್ನು ಎರಡು ಪದರ ಬಟ್ಟೆಯಲ್ಲಿ ಹೊಲಿದೆವು. ವಿಮಾನಕ್ಕೆ ಬಹಳ ಖರ್ಚು ಎಂದು ಅಂಚೆಯವರು ಹೇಳಿದರು. ಹಡಗಿನಲ್ಲಿ ಕಳಿಸಿದೆವು. ಮುಟ್ಟಲು ಮೂರು ತಿಂಗಳು.

ಅಂಚೆ ಕಚೇರಿಯ ಮೆಟ್ಟಿಲು ಇಳಿಯುವಾಗ ನನಗೆ ಹೊಳೆಯಿತು. ಇಪ್ಪತ್ತು ದಿನಕ್ಕೇ ಜೋಳದ ಹಿಟ್ಟಿನ ಜಿಗಿ ಹೋಗುತ್ತದೆ. ಜಿಗಿ ಇಲ್ಲದ ಹಿಟ್ಟು ಅಂಟಿಕೊಳ್ಳುವುದಿಲ್ಲ, ರೊಟ್ಟಿ ಬಡಿದರೆ ಒಡೆಯುತ್ತದೆ. ಇದು ಬಬಲೇಶ್ವರದಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಅಲ್ಲಿ ಯಾರೂ ವಾರದ ಮೇಲೆ ಹಿಟ್ಟು ಬೀಸಿಡುವುದಿಲ್ಲ. ಮೂವರಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ. ಅವ್ವನಿಗೆ ಅಲ್ಲೇ ಹೇಳಿದೆ.

"ಮೊದಲ ಹೇಳಬಾರದೇನೋ ಬಾಡ್ಯಾ!"

"ಮೊದಲ ಹೊಳೀಲಿಲ್ಲ."

"ಹೊಳೀಲಿಲ್ಲ ಅಂದಮ್ಯಾಲ ಬಾಯಿ ಮುಚ್ಚಿಕೊಂಡರ ಇರಬೇಕಿಲ್ಲೊ? ಒಂದು ರಾತ್ರಿ ಸುಖಲೆ ಮಲಗತಿದ್ದೆ."

ಹೇಳಬೇಕಿತ್ತೋ ಬಿಡಬೇಕಿತ್ತೋ ಎಂದು ನಾನೂ ಯೋಚಿಸಿದೆ. ಹಿಟ್ಟಂತೂ ಹಡಗು ಹತ್ತಿ ಆಗಿತ್ತು.

ಮರುದಿನ ಅವ್ವನೇ ಉಪಾಯ ಹೇಳಿದಳು. ರೊಟ್ಟಿಯ ಆಸೆ ಬಿಡು. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹಾಕಿ, ಗಂಟಾಗದಂತೆ ತಿರುವಿ ಅಂಬಲಿ ಕಾಸು. ಉಪ್ಪು, ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ. ಅಂಬಲಿಗೆ ಜಿಗಿ ಬೇಕಿಲ್ಲ.

ಫಕ್ರುದ್ದೀನ


ವಿಜಾಪುರ
೧೮ ಆಗಸ್ಟ್ ೧೯೭೪

ಅಣ್ಣನಿಗೆ ಸಲಾಂ.

ಮೇ ತಿಂಗಳಲ್ಲಿ ನೀನು, ಹಿಟ್ಟು ಮುಟ್ಟಿತು, ಅಂಬಲಿ ಕಾಸಿದೆ ಎಂದು ನಾಲ್ಕು ಸಾಲು ಬರೆದೆ. ಆಮೇಲೆ ಸುದ್ದಿಯೇ ಇಲ್ಲ. ಹೋದ ವಾರ ದಪ್ಪ ಲಕೋಟೆ ಬಂತು. ಅದರಲ್ಲಿ ಎರಡು ಹಾಳೆ. ಒಂದರ ತಲೆಯ ಮೇಲೆ "ಅವ್ವನಿಗೆ ಓದಬೇಡ" ಎಂದಿತ್ತು. ಹಾಗೆ ಬರೆ ಎಂದು ಹೇಳಿದವನು ನಾನೇ, ನಿನ್ನ ಮೇಲೆ ತಪ್ಪು ಹೊರಿಸುವಂತಿಲ್ಲ.

ನಾನು ಸರಿಯಾಗಿ ತಿಳಿದುಕೊಂಡಿದ್ದೇನೋ ಇಲ್ಲವೋ ಎಂದು ಇಲ್ಲಿ ತಿರುಗಿ ಬರೆಯುತ್ತೇನೆ. ಜೂನ್ ಪರೀಕ್ಷೆಯಲ್ಲಿ ನೀನು ನಪಾಸಾದೆ. ಸರಕಾರದ ಶಿಷ್ಯವೇತನ ನಿಂತಿತು. ಕಾಲೇಜು ಬಿಟ್ಟಾಯಿತು. ಬಂಗಾಲದ ಸಾಹೇಬರೊಬ್ಬರ ಹೋಟೆಲಿನ ಅಡಿಗೆಮನೆಯಲ್ಲಿ ಮೊದಲು ಪಾತ್ರೆ ತಿಕ್ಕಿದೆ, ಈಗ ಬ್ಯಾಳಿ ನಿನ್ನ ಕೈಗೆ ಬಂದಿದೆ. ನೀನು ಇನ್ನೂ ಕಾಲೇಜಿನಲ್ಲೇ ಇದ್ದೀ ಎಂದು ಅವ್ವ ತಿಳಿದಿರಬೇಕು, ಹಾಗೆ ನಾನು ನಡೆಸಿಕೊಂಡು ಹೋಗಬೇಕು. ಇಷ್ಟೇ ತಾನೇ?

ನನಗೆ ಮೂರು ದಿನ ಏನೂ ತಿಳಿಯಲಿಲ್ಲ. ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಒಂದು ಥರದ ಖುಷಿಯೂ ಆಯಿತು. ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ, ಅದಕ್ಕೇ ಬರೆದೆ.

ಲಕೋಟೆ ಒಡೆಯುವಾಗ ಅವ್ವ ಎದುರಿಗೇ ಕುಳಿತಿದ್ದಳು. ಎರಡು ಹಾಳೆ ಅವಳ ಕಣ್ಣಿಗೆ ಬಿದ್ದಿದ್ದವು. ನಾನು ಅಂದೆ: "ಒಂದು ಹಾಳಿ ನಿನಗ ಓದಬ್ಯಾಡ ಅಂತ ಬರದಾನ ಬೇ."

ಅವ್ವ ಆ ಹಾಳೆಯ ಕಡೆ ನೋಡಿದಳು. "ಬ್ಯಾಡ ಅಂದ್ರ ಓದಬ್ಯಾಡ. ಮಡಚಿ ಡಬ್ಬ್ಯಾಗ ಇಡು" ಅಂದಳು. ಅರಿಸಿನದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬ್ಯಾಳಿ ಬೇಯಿಸುವಾಗಲೆಲ್ಲ ಅವಳ ಕೈ ಆ ಡಬ್ಬಿಗೆ ಹೋಗುತ್ತದೆ. ಒಮ್ಮೆಯೂ ಕೇಳಿಲ್ಲ. ಕೇಳಿದರೆ ನಾನು ಹೇಳುತ್ತೇನೆ. ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ, ಪ್ರಯತ್ನಿಸಿದರೂ ಮುಖದ ಮೇಲೆ ಕಾಣುತ್ತದೆ. ಅವಳು ಕೇಳುವುದರೊಳಗೆ ನೀನೇ ಬರೆದು ತಿಳಿಸು.

ಓದಬಹುದಾದ ಹಾಳೆಯಲ್ಲಿ ನೀನು, ಗೆಳೆಯರಿಗೆ ಊಟ ಹಾಕುತ್ತೇನೆ, ಅರವತ್ತು ಮಂದಿಗೆ ಬ್ಯಾಳಿ ಎಷ್ಟು, ದೊಡ್ಡ ಪಾತೇಲಿಯಲ್ಲಿ ತಳ ಹತ್ತಿದರೆ ಏನು ಮಾಡಬೇಕು, ಬೆರಳ ಸಂದಿ ಸುಲಿದರೆ ಏನು ಹಚ್ಚಬೇಕು ಎಂದು ಕೇಳಿದ್ದೆ. ಅದನ್ನೆಲ್ಲ ಓದಿದೆ. ಬೆರಳಿಗೆ ಕುಸುಬಿ ಎಣ್ಣೆಯಲ್ಲಿ ಅರಿಸಿನ ಕಲಸಿ ಮಲಗುವಾಗ ಹಚ್ಚಲಿ ಅಂದಳು. ಅರವತ್ತು ಮಂದಿಯ ಲೆಕ್ಕ ಮಾತ್ರ ಅವಳಿಗೆ ಗೊತ್ತಿಲ್ಲ, ಒಂಬತ್ತು ಜನರ ಮೇಲೆ ಅವಳು ಎಂದೂ ಬೇಯಿಸಿಲ್ಲ. ಅದಕ್ಕೆ ತಿಕೋಟಾಕ್ಕೆ ಹೋಗಿ ಮದುವೆ ಅಡಿಗೆಯ ಬುಡ್ಡೇಸಾಬ ಕಾಕಾನನ್ನು ಕೇಳಿಕೊಂಡು ಬಂದೆ. ಅವನು ಯಾರದೋ ಮನೆಯ ಅಂಗಳದಲ್ಲಿ ಹಂಡೆಯ ತಳಕ್ಕೆ ಮಸಿ ಹಿಡಿಯದಂತೆ ಮಣ್ಣು ಮೆತ್ತುತ್ತಿದ್ದ.

"ಅರವತ್ತು ಮಂದಿಗೆ ನಾಕು ಕಿಲೋ ಬ್ಯಾಳಿ. ಉಪ್ಪು ಖಾರ ಮಾತ್ರ ಗುಣಾಕಾರ ಮಾಡಬ್ಯಾಡ ಅಂತ ಹೇಳು. ಲೆಕ್ಕದಾಗ ಮುಕ್ಕಾಲು ಪಾಲು ಹಾಕಿ ನಾಲಿಗಿ ಕೇಳಬೇಕು. ಭಾಳ ಓದಿದವ್ರು ಅಲ್ಲೇ ಕೆಡಸ್ತಾರ."

"ತಳ ಹತ್ತಿದ್ರ?"

"ತಳಕ್ಕ ಸೌಟು ಮುಟ್ಟಸಬ್ಯಾಡ. ಮ್ಯಾಲಿಂದ ಮ್ಯಾಲ ಬ್ಯಾರೆ ಪಾತೇಲಿಗೆ ಬಗ್ಗಸು. ಕೆರದಿ ಅಂದ್ರ ಇಡೀ ಹಂಡೆ ಹೊಗಿ ವಾಸನಿ. ನಿಮ್ಮಣ್ಣ ಕಲಿಯಾಕ ಹೋದಾಂವಗ ಇದೆಲ್ಲಾ ಯಾಕ ಬೇಕೋ?"

"ಹೇಳಬ್ಯಾಡ ಅಂದಾನ್ರಿ."

ಬುಡ್ಡೇಸಾಬ ಕಾಕಾ ಹಂಡೆಯ ಮೇಲೆ ಕೈ ಇಟ್ಟುಕೊಂಡು ನಕ್ಕ. "ಹಂಗಾದ್ರ ಹೇಳಿದಂಗ ಆತು ಬಿಡು" ಅಂದ. ನಾನು ಹೇಳಿದೆನೋ ಇಲ್ಲವೋ, ನನಗೇ ಗೊತ್ತಾಗಲಿಲ್ಲ.

ಫಕ್ರುದ್ದೀನ


ಲೀಡ್ಸ್
೬ ಅಕ್ಟೋಬರ್ ೧೯೭೪

ಫಕ್ರು,

ಇದನ್ನೂ ಅವ್ವನಿಗೆ ಓದಬೇಡ.

ಹಾಳೆ ಇದೆ ಎಂದು ಹೇಳುವ ಗರಜು ಏನಿತ್ತು? ಒಂದೇ ಹಾಳೆ ಬಂದಿದೆ ಎಂದಿದ್ದರೆ ಮುಗಿಯುತ್ತಿತ್ತು. ನಿನ್ನ ಕಾಗದ ಬಂದ ದಿನ ಸಿಟ್ಟಿನಿಂದ ಬ್ಯಾಳಿ ತಿರುವದೆ ನಿಂತುಬಿಟ್ಟೆ. ತಳ ಹತ್ತಿತು. ಮೇಲಿನಿಂದ ಮೇಲೆ ಬಗ್ಗಿಸಿದೆ. ಯಾರಿಗೂ ವಾಸನೆ ಬರಲಿಲ್ಲ. ತಿಕೋಟಾದ ಕಾಕಾನಿಗೆ ಹೇಳು.

ನಾಲ್ಕು ಸಲ ಅವ್ವನಿಗೆ ಬರೆಯಲು ಕುಳಿತೆ. "ಕಾಲೇಜು ಬಿಟ್ಟೆ" ಎಂಬ ಎರಡು ಶಬ್ದದ ಮೇಲೆ ಕೈ ನಿಂತುಬಿಡುತ್ತದೆ. ಸಾಲಿ ಬಿಟ್ಟವರನ್ನು ನಾನು ಏನೇನು ಅಂದಿದ್ದೆ, ನಿನಗೆ ನೆನಪಿರಬೇಕು. ಎಲ್ಲಾ ಮಾತೂ ನನಗೂ ನೆನಪಿದೆ.

ನೀನು ಸಾಲಿ ಬಿಟ್ಟ ದಿನ ಅವ್ವನಿಗೆ ಹೇಗೆ ಹೇಳಿದೆ? ಆ ಹೊತ್ತು ನಾನು ಮನೆಯಲ್ಲಿರಲಿಲ್ಲ. ಏನು ಅಂದೆ, ಅವಳು ಏನು ಅಂದಳು, ಇದ್ದ ಹಾಗೆ ಬರೆ.

ಸೈಫು


ವಿಜಾಪುರ
೨೭ ಅಕ್ಟೋಬರ್ ೧೯೭೪

ಅಣ್ಣನಿಗೆ ಸಲಾಂ. ಈದ್ ಮುಬಾರಕ್, ತಡವಾಗಿ.

ನಿಲ್ದಾಣದ ವಿಷಯ ಬಿಟ್ಟರೆ, ನೀನು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಬ್ಯಾಳಿಯ ಅಳತೆಯನ್ನೂ ನೀನು ಅವ್ವನನ್ನು ಕೇಳಿದ್ದೆ, ನಾನು ನಡುವೆ ಇದ್ದೆ. ಅದಕ್ಕೇ ಉತ್ತರ ಹೇಗೆ ಬರೆಯಬೇಕು ಎಂದು ತಿಳಿಯದೆ ಹತ್ತು ದಿನ ಹೋದವು.

ಇದ್ದದ್ದು ಇದ್ದ ಹಾಗೆ. ತಪಾಸಣೆಗೆ ಸಾಹೇಬರು ಬಂದಾಗ ನಾನು ಎದ್ದು ನಿಂತು, ಈ ಉತ್ತರಗಳನ್ನು ಮಾಸ್ತರು ನಿನ್ನೆಯೇ ಹೇಳಿಕೊಟ್ಟಿದ್ದಾರೆ ಅಂದೆ. ಸಾಹೇಬರು ಹೋದ ಮೇಲೆ ಹೊಡೆತ ಬಿತ್ತು. ಆ ಹೊಡೆತಕ್ಕೆ ಸಾಲಿ ಬಿಟ್ಟ ಎಂದು ಎಲ್ಲರೂ ತಿಳಿದರು, ನೀನೂ ತಿಳಿದೆ. ಅದು ಪೂರ್ತಿ ನಿಜವಲ್ಲ. ಹೊಡೆತ ಎರಡು ದಿನಕ್ಕೆ ಮಾಯಿತು. ಕೂತಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಹೊಡೆತ ಒಂದು ನೆವ ಆಯಿತು. ಇದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅದಕ್ಕೆ ಹೇಳಿರಲಿಲ್ಲ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ನಾಳಿಂದ ಸಾಲಿಗೆ ಹೋಗಂಗಿಲ್ಲ ಬೇ" ಅಂದೆ. ಅವಳ ಕೈ ನಿಲ್ಲಲಿಲ್ಲ. ಆ ರೊಟ್ಟಿ ಪೂರ್ತಿ ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿ, ಆಮೇಲೆ ಅಂದಳು: "ಕೈ ತೊಳಕೊಂಡು ಬಾ. ಬಿಸಿ ಐತಿ." ನಾನು ಎರಡು ರೊಟ್ಟಿ ಉಂಡೆ. ಅಷ್ಟೇ. ಅವಳು ಸಿಟ್ಟಾದಳೋ, ಅತ್ತಳೋ, ಹಗುರಾದಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಇದರಿಂದ ನಿನಗೆ ಏನು ಉಪಯೋಗವೋ ಅದೂ ತಿಳಿದಿಲ್ಲ. ಎದುರಿಗೆ ಹಂಚು ಇದ್ದದ್ದು ಅನುಕೂಲವಾಯಿತು. ನಿನಗೆ ನಡುವೆ ಇಷ್ಟು ದೊಡ್ಡ ಸಮುದ್ರವಿದೆ.

ಇನ್ನೊಂದು. ಅಂಬಾದಾಸ ಮಾಮಾನ ಅಂಗಡಿ ಬಿಟ್ಟೆ. "ಸಾಲಿ ಬಿಟ್ಟಿ, ಸೈಕಲ್ ಅಂಗಡಿ ಬಿಟ್ಟಿ, ಈಗ ನನ್ನ ಬಿಟ್ಟಿ. ಮುಂದ ಯಾರನ್ನ ಬಿಡಾಂವ ಲೇ?" ಎಂದು ಕೇಳಿದ. ಗೊತ್ತಿಲ್ಲ ಅಂದೆ. ಈಗ ಬುಡ್ಡೇಸಾಬ ಕಾಕಾನ ಜೊತೆ ಮದುವೆ ಅಡಿಗೆಗೆ ಹೋಗುತ್ತಿದ್ದೇನೆ. ಮೊನ್ನೆ ಜೋರಾಪುರ ಪೇಟೆಯಲ್ಲಿ ಮುನ್ನೂರು ಮಂದಿ. ಬ್ಯಾಳಿಗೆ ಉಪ್ಪು ಹಾಕುವ ಕೆಲಸ ನನಗೆ ಕೊಟ್ಟಿದ್ದ. ಮುಕ್ಕಾಲು ಹಾಕಿ ನಾಲಿಗೆ ಕೇಳಿದೆ. ಅಲ್ಲಿ ನನ್ನ ಕಾಲು ಒಂದು ಕಡೆ ನಿಂತವು. ಎಷ್ಟು ದಿನ ನಿಲ್ಲುತ್ತವೋ ಹೇಳಲಾರೆ.

ನೀನು ಕಳಿಸಿದ ಎರಡನೆಯ ಹಾಳೆಯೂ ಅರಿಸಿನದ ಡಬ್ಬಿಯಲ್ಲಿದೆ. ಅವ್ವ ಡಬ್ಬಿ ತೆರೆದು, ಹಾಳೆ ಸರಿಸಿ, ಅರಿಸಿನ ತೆಗೆದುಕೊಂಡು ಮುಚ್ಚುತ್ತಾಳೆ.

ಫಕ್ರು


ವಿಜಾಪುರ
೧೨ ಜನವರಿ ೧೯೭೫

ಅಣ್ಣನಿಗೆ ಸಲಾಂ.

ಅವ್ವನ ಹೆಸರಿಗೆ ನೀನು ಬರೆದ ಕಾಗದ ಮಂಗಳವಾರ ಬಂತು. ಲಕೋಟೆಯ ಮೇಲೆ "ಹುಸೇನಬಿಯವರಿಗೆ" ಎಂದು ಇದ್ದದ್ದನ್ನು ಟಪಾಲಿನವನು ಜೋರಾಗಿ ಓದಿದ. ತನ್ನ ಹೆಸರಿನ ಲಕೋಟೆ ಅವಳು ಮೊದಲ ಸಲ ಮುಟ್ಟಿದ್ದು. ಅದನ್ನು ಸೆರಗಿನಲ್ಲಿ ಒರೆಸಿದಳು. ಒದ್ದೆಯೇನೂ ಇರಲಿಲ್ಲ.

ಒಳಗೆ ಒಂದೇ ಹಾಳೆ. ಸಾಲು ಹಿಡಿದು ಓದಿದೆ. ನಪಾಸಾದದ್ದು, ಶಿಷ್ಯವೇತನ ನಿಂತದ್ದು, ಪಾತ್ರೆ ತಿಕ್ಕಿದ್ದು, ಎಲ್ಲಾ. "ಅವ್ವಾ, ನಾನು ಕಾಲೇಜು ಬಿಟ್ಟೆ" ಎಂಬ ಸಾಲಿನ ಮೇಲೆ ಬೆರಳಿಟ್ಟು ನಿಂತೆ. ಅವ್ವ ಮೆಂತೆಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಓದು. ಯಾಕ ನಿಂತಿ?"

ಪೂರ್ತಿ ಓದಿದೆ. ಅವಳು ಸೊಪ್ಪಿನ ಬುಟ್ಟಿ ಬದಿಗಿಟ್ಟಳು.

"ನನಗ ಗೊತ್ತಿತ್ತು."

"ಬುಡ್ಡೇಸಾಬ ಕಾಕಾ ಹೇಳಿದನೇನು?"

"ಅಂವಾ ಯಾಕ ಹೇಳತಾನ? ಬೆರಳ ಸಂದಿ ಸುಲದಾವು ಅಂತ ನೀನ ಓದಿದ್ಯಲ್ಲ. ಒಂದ ದಿನ ಗೆಳ್ಯಾರಿಗೆ ಉಣ್ಣಾಕ ನೀಡಿದ್ರ ಬೆರಳ ಸಂದಿ ಸುಲೀತಾವೇನೋ? ದಿನಾ ನೀರಾಗ ಕೈ ಇಟ್ಟವ್ರಿಗೆ ಹಂಗ ಆಗತೈತಿ." ಅವಳು ತನ್ನ ಕೈ ಚಾಚಿ, ಬೆರಳು ಬಿಡಿಸಿ ತೋರಿಸಿದಳು. ಹದಿನೆಂಟು ವರ್ಷ ಆ ಕೈಯಿಂದ ಉಂಡವನು ನಾನು. ಬೆರಳ ಸಂದಿಯನ್ನು ಆ ದಿನ ನೋಡಿದೆ.

"ಮತ್ತ ನನ್ನ ಯಾಕ ಕೇಳಲಿಲ್ಲ ಬೇ? ಐದು ತಿಂಗಳು ನನ್ನ ಜೀವ ತಿಂದಿ."

"ಕೇಳಿದ್ರ ನೀ ಹೇಳತಿದ್ದಿ. ನೀ ಹೇಳೂದು ಬ್ಯಾಡಾಗಿತ್ತು. ಅಂವಾ ಹೇಳಬೇಕಿತ್ತು."

ಐದು ತಿಂಗಳು ಮನೆಯಲ್ಲಿ ಸತ್ಯವಂತ ನಾನೊಬ್ಬನೇ, ಮಿಕ್ಕವರು ಮುಚ್ಚಿಡುವವರು ಎಂದುಕೊಂಡಿದ್ದೆ. ಅವಳು ಮುಚ್ಚಿಟ್ಟದ್ದು ಯಾವ ಲೆಕ್ಕಕ್ಕೆ ಸೇರುತ್ತದೆಂದು ಇನ್ನೂ ಯೋಚಿಸುತ್ತಿದ್ದೇನೆ.

ಉತ್ತರಕ್ಕೆ ಏನು ಬರೆಯಲಿ, ಬಾ ಎಂದು ಬರೆಯಲೇ ಅಂದೆ. "ಬಾ ಅಂತ ಬರೀಬ್ಯಾಡ. ಬರಬ್ಯಾಡ ಅಂತನೂ ಬರೀಬ್ಯಾಡ" ಅಂದಳು. ಇದರ ಅರ್ಥ ನೀನೇ ಮಾಡಿಕೋ. ಆಮೇಲೆ ಎದ್ದು ಡಬ್ಬಿಯಿಂದ ಎರಡೂ ಹಾಳೆ ತೆಗೆದಳು. ಹಳದಿಯಾಗಿದ್ದವು. ಈಗ ಓದಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ ಒಲೆಗೆ ಹಾಕಿದಳು.

ಕೊನೆಗೆ ನಾನು ಪೆನ್ನು ಮುಚ್ಚುವಾಗ ಅವಳು ಹೇಳಿ ಬರೆಸಿದ್ದು ಇಷ್ಟು, ಅವಳ ಮಾತಿನಲ್ಲೇ ಬರೆಯುತ್ತೇನೆ: "ಅರವತ್ತು ಮಂದಿ ಪಾತೇಲಿ ಒಬ್ಬನ ಎತ್ತಬ್ಯಾಡ ಅನ್ನು. ಸೊಂಟ ಹಿಡೀತೈತಿ. ಆ ಕಡಿ ಕಿವಿ ಹಿಡಿಯಾಕ ಯಾರನರೆ ಕರಿ ಅನ್ನು."

ಅದು ನಿಜ. ಹಂಡೆ ಇಳಿಸುವಾಗ ಬುಡ್ಡೇಸಾಬ ಕಾಕಾ ಒಂದು ಕಡೆ, ನಾನು ಒಂದು ಕಡೆ. ಬಿಸಿಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅವನು "ಹಿಡಿ" ಅನ್ನುತ್ತಾನೆ, ನಾನು ಹಿಡಿಯುತ್ತೇನೆ.

ನಿಲ್ದಾಣದಲ್ಲಿ ನೀನು ಆಡಿದ್ದನ್ನು ಮಾತು ಎಂದು ಎಣಿಸಿಕೊಂಡಿದ್ದೇನೆ.

ನಿನ್ನ ತಮ್ಮ
ಫಕ್ರು